ಹ್ಯಾಸ್ಕೆಟ್ ಮನೆಯ ಮೂಗು

ಮಾರ್ಚ್ ತಿಂಗಳಲ್ಲಿ ನಮ್ಮ ಕೆಂಟಕಿಯ ಹಸುಗಳು ಕಾಡು ಈರುಳ್ಳಿ ಮೇಯುತ್ತವೆ. ಹುಲ್ಲಿಗಿಂತ ಮೊದಲು ಚಿಗುರುವುದು ಅದೇ. ಆ ಕೆಲವು ವಾರ ಈರುಳ್ಳಿ ನಾತಕ್ಕೆ ಹಾಲು ಬಾಯಿಗೆ ಇಡುವ ಹಾಗಿರುವುದಿಲ್ಲ, ಹಂದಿಗೆ ಸುರಿಯುತ್ತಾರೆ. ಹ್ಯಾಸ್ಕೆಟ್ ಮನೆಯಲ್ಲಂತೂ ಹಿರಿಯ ಆಂಬ್ರೋಸ್ ಹ್ಯಾಸ್ಕೆಟ್ ಆ ಹಾಲಿನ ಲೋಟವನ್ನು ಮೂಗಿನ ಹತ್ತಿರ ತರುವ ಮೊದಲೇ ಹಿತ್ತಲಿಗೆ ಎಸೆದು ಹೆಂಗಸರಿಗೆ ಬೈಯುತ್ತಿದ್ದ. ಆ ವರ್ಷ ಅವನು ಅದನ್ನು ಗಟಗಟ ಕುಡಿದ. ಮೀಸೆ ಒರೆಸಿಕೊಂಡು ಇನ್ನೊಂದು ಲೋಟ ಕೇಳಿದ.

ಒಲೆಯ ಹತ್ತಿರ ಇಬ್ಬರು ನಿಂತಿದ್ದರು. ಒಬ್ಬಳು ಅವನ ಸೊಸೆ ಓಪಲ್. ಇನ್ನೊಬ್ಬಳು ಓಪಲ್‌ಳ ಸೊಸೆ ಕೊರೀನ್, ಐದು ತಿಂಗಳ ಬಸುರಿ.

"ಅತ್ತೆ, ಅದು ಹಂದಿಗೆ ಅಂತ ತೆಗೆದಿಟ್ಟಿದ್ದಲ್ವಾ?"

"ಶ್. ಗೊತ್ತು."

"ತಾತ ಕುಡಿದ್ಬಿಟ್ರು."

"ನನಗೂ ಕಣ್ಣಿದೆ ಕಣೆ. ನೀನು ಬ್ರೆಡ್ ನೋಡು, ಸೀದು ಹೋಗ್ತಿದೆ."

ಮೆಕ್ಕೆಜೋಳದ ಬ್ರೆಡ್ಡಿನ ತಳ ನಿಜಕ್ಕೂ ಸೀಯುತ್ತಿತ್ತು, ಅಡುಗೆಮನೆ ತುಂಬ ಹೊಗೆ. ಮೇಜಿನ ಮುಂದೆ ಕೂತ ಮುದುಕ ಅದರ ಕಡೆ ತಿರುಗಿಯೂ ನೋಡಲಿಲ್ಲ. ಹಂದಿಮೂಳೆ ಹಾಕಿ ಬೇಯಿಸಿದ ಅವರೆಗೆ ಉಪ್ಪಿನ ಡಬ್ಬಿ ಬಗ್ಗಿಸಿ, ಮತ್ತೆ ಬಗ್ಗಿಸಿ, ಚಮಚ ಆಡಿಸುತ್ತ ಕೂತಿದ್ದ.

ಜನವರಿಯ ಜ್ವರದಲ್ಲಿ ಅವನ ಮುಖದ ಒಂದು ಕಡೆ ಜೋಮು ಹಿಡಿದಿತ್ತು. ತುಟಿ ಸರಿಯಾಯಿತು, ಕಣ್ಣು ಸರಿಯಾಯಿತು, ಎದ್ದು ಓಡಾಡಿದ. ಮೂಗು ಮಾತ್ರ ಸತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಬೇರೆ ಯಾವ ಮನೆಯಲ್ಲಾದರೂ ಮುದುಕನ ಮೂಗು ಸತ್ತರೆ ಉಪ್ಪಿನ ಖರ್ಚು ಹೆಚ್ಚುತ್ತದೆ, ಅಷ್ಟೇ. ಈ ಮನೆಗೆ ಅನ್ನ ಹಾಕಿದ್ದೇ ಆ ಮೂಗು. ಹಳ್ಳದ ಆಚೆ ದಡದಲ್ಲಿ ಕಾಣುವ ಬರ್ಬನ್ ವಿಸ್ಕಿಯ ಭಟ್ಟಿ ಅವರದು. ಅದರ ಹಿಂದೆ ಆರು ಅಂತಸ್ತಿನ ಮರದ ಉಗ್ರಾಣ, ಅದರೊಳಗೆ ಸುಟ್ಟ ಓಕ್ ಪೀಪಾಯಿಗಳು. ಒಂದೇ ದಿನ ತುಂಬಿದ ಎರಡು ಪೀಪಾಯಿಗಳಲ್ಲಿ ಒಂದು ಮೇಲಿನ ಅಂತಸ್ತಿನಲ್ಲಿ ಬೆಂದು ಕಹಿಯಾಗುತ್ತದೆ, ಇನ್ನೊಂದು ನಡುವಿನ ಅಂತಸ್ತಿನಲ್ಲಿ ಜೇನಾಗುತ್ತದೆ. ಯಾವುದು ಹಣ್ಣಾಗಿದೆ, ಯಾವುದನ್ನು ಯಾವುದಕ್ಕೆ ಬೆರೆಸಬೇಕು ಎಂದು ಹೇಳುವವನು ಆಂಬ್ರೋಸ್. ಸೀಸೆಯ ಮೇಲಿರುವ ಚಿತ್ರ ಅವನದೇ, ಲೋಟದೊಳಗೆ ಮೂಗು ಇಟ್ಟು ಕಣ್ಣು ಮುಚ್ಚಿದ ಹಾಗೆ. ಕೆಳಗೆ ಬರೆದಿದೆ: ಐದು ತಲೆಮಾರು, ಒಂದೇ ಮೂಗು.

ಭಾನುವಾರದ ಊಟ ಮುಗಿದ ಮೇಲೆ ಆ ಮನೆಯಲ್ಲೊಂದು ಆಟ. ಗುರುತಿಲ್ಲದ ಮೂರು ಲೋಟಗಳನ್ನು ಮುದುಕನ ಮುಂದೆ ಇಡಬೇಕು. ಅವನು ಬಾಯಿಗೆ ಹಾಕುವುದಿಲ್ಲ, ಮೂಸುತ್ತಾನೆ. ಎಷ್ಟು ವರ್ಷದ್ದು, ಯಾವ ಅಂತಸ್ತು, ರೈ ಧಾನ್ಯ ಹಾಕಿದ್ದೋ ಗೋಧಿ ಹಾಕಿದ್ದೋ ಎಂದು ಹೇಳುತ್ತಾನೆ. ಹಾಲಿನ ಆ ದಿನವಾದ ಮೇಲೆ ಬಂದ ಭಾನುವಾರ ಕೊರೀನ್ ಕಣ್ಣಿಟ್ಟು ನೋಡಿದಳು. ಲೋಟ ಇಟ್ಟವನು ಅವಳ ಮಾವ, ಮುದುಕನ ಮಗ ಗಾರ್ನೆಟ್. ಎಡಗಡೆಗೆ ಎಳೆಯದು, ಬಲಗಡೆಗೆ ಹಳೆಯದು. ಹಿಂದಿನ ಭಾನುವಾರವೂ ಹಾಗೇ, ಅದರ ಹಿಂದಿನದ್ದೂ. ಮುದುಕ ಮೂರನ್ನೂ ಸರಿಯಾಗಿ ಹೇಳಿದ. ಗಾರ್ನೆಟ್ ಚಪ್ಪಾಳೆ ತಟ್ಟಿದ.

ಪಾತ್ರೆ ತೊಳೆಯುವಾಗ ಅವಳು ಗಂಡನನ್ನು ಕರೆದಳು. "ಡಾರ್ಸಿ, ನಿಮ್ಮಪ್ಪನಿಗೆ ಗೊತ್ತು."

"ಏನು ಗೊತ್ತು?"

"ತಾತನಿಗೆ ವಾಸನೆ ಬರ್ತಿಲ್ಲ. ಮಾವನಿಗೆ ಗೊತ್ತಿದ್ದೇ ಲೋಟ ಜೋಡಿಸಿ ಕೊಡ್ತಿದಾರೆ."

ಡಾರ್ಸಿ ಒರೆಸುತ್ತಿದ್ದ ತಟ್ಟೆಯನ್ನು ಹಾಗೇ ಹಿಡಿದು ನಿಂತ. ಅವನ ತಲೆಗೆ ಮೊದಲು ಹೊಳೆದದ್ದು ಪೀಪಾಯಿಯಲ್ಲ, ತೊಟ್ಟಿ.

"ಹೋಬರ್ಟ್ ಮಾವ," ಎಂದ.

ಹೋಬರ್ಟ್ ಟಿಂಗಲ್ ಕೊರೀನಳ ಅಪ್ಪ. ಭಟ್ಟಿಯ ತೊಟ್ಟಿ ತೊಳೆಯುವವನು. ಮೆಕ್ಕೆಜೋಳದ ಗಂಜಿಗೆ ಹೆಪ್ಪು ಹಾಕಿ ಹುಳಿ ಬರಿಸುವ ಸೈಪ್ರೆಸ್ ಮರದ ತೊಟ್ಟಿಗಳು ಅವು, ಎರಡಾಳು ಆಳ. ಹುಳಿ ಬರುವಾಗ ಹುಟ್ಟುವ ಗಾಳಿ ಭಾರವಾದದ್ದು. ಗಂಜಿಯನ್ನೆಲ್ಲ ಬಸಿದು ತೆಗೆದ ಮೇಲೂ ಅದು ತಳದಲ್ಲಿ ನೀರಿನ ಹಾಗೆ ನಿಂತಿರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದರೊಳಗೆ ಇಳಿದವನು ಎರಡು ಉಸಿರಿಗೆ ಬೀಳುತ್ತಾನೆ. ಬೇರೆ ಭಟ್ಟಿಗಳಲ್ಲಿ ಲಾಟೀನು ಹಚ್ಚಿ ಹಗ್ಗದಲ್ಲಿ ಇಳಿಸುತ್ತಾರೆ, ಆರಿತೆಂದರೆ ಯಾರೂ ಇಳಿಯುವುದಿಲ್ಲ. ಹ್ಯಾಸ್ಕೆಟ್ ಭಟ್ಟಿಯಲ್ಲೂ ಬಾಗಿಲ ಪಕ್ಕದ ಮೊಳೆಯಲ್ಲಿ ಲಾಟೀನು ತೂಗುತ್ತಿತ್ತು, ಆದರೆ ಅದನ್ನು ಹಚ್ಚಿದ್ದನ್ನು ಕಂಡವರಿಲ್ಲ. ಆಂಬ್ರೋಸ್ ತೊಟ್ಟಿಯ ಅಂಚಿಗೆ ಎದೆಯಾನಿಸಿ, ತಲೆ ಒಳಗೆ ಬಗ್ಗಿಸಿ, ಉದ್ದಕ್ಕೆ ಉಸಿರೆಳೆಯುತ್ತಿದ್ದ. ಆ ಗಾಳಿ ಇದ್ದರೆ ಮೂಗಿನೊಳಗೆ ಸೂಜಿ ಚುಚ್ಚಿದಂತೆ ಉರಿಯುತ್ತದೆ. ಉರಿದರೆ "ತಡಿ" ಎನ್ನುತ್ತಿದ್ದ. ಉರಿಯದಿದ್ದರೆ, "ಏನಿಲ್ಲ. ಇಳಿ." ಅಷ್ಟೇ. ಹೋಬರ್ಟ್ ಇಳಿಯುತ್ತಿದ್ದ. ಹೋಬರ್ಟನ ಅಪ್ಪ ಆಂಬ್ರೋಸನ ಅಪ್ಪನ ಮಾತಿಗೆ ಇಳಿಯುತ್ತಿದ್ದ.

ಡಾರ್ಸಿ ಅದೇ ಸಂಜೆ ಊಟದ ಮೇಜಿನಲ್ಲಿ ಮಾತು ತೆಗೆದ.

"ನಾಳೆಯಿಂದ ತೊಟ್ಟಿಗೆ ಲಾಟೀನು ಇಳಿಸೋಣ, ಅಪ್ಪ."

ಗಾರ್ನೆಟ್ ತಲೆಯೆತ್ತಲಿಲ್ಲ. "ಯಾಕೆ?"

"ಯಾಕೆ ಅಂತ ನಿಮಗೇ ಗೊತ್ತು."

ಮುದುಕ ಚಮಚ ಕೆಳಗಿಟ್ಟ. "ಏನೋ ಅದು ಲಾಟೀನು?"

"ತಾತ, ಈಗ ಒಲೆ ಮೇಲೆ ಏನು ಬೇಯ್ತಿದೆ ಹೇಳಿ ನೋಡೋಣ."

ಒಲೆಯ ಮೇಲೆ ಓಪಲ್ ವಿನಿಗರ್ ಹಾಕಿ ಸೊಪ್ಪು ಕುದಿಸುತ್ತಿದ್ದಳು, ಕಣ್ಣಲ್ಲಿ ನೀರು ಬರಿಸುವಷ್ಟು ಘಾಟು. ಮುದುಕ ಮೊಮ್ಮಗನ ಮುಖವನ್ನೇ ನೋಡಿದ.

"ಹತ್ತನೇ ಕ್ಲಾಸು ದಾಟೋಕಾಗದೆ ಓಡಿಬಂದೋನು ನನಗೆ ಪರೀಕ್ಷೆ ಇಡ್ತಾನೆ. ಮೊದಲು ನಿನ್ನ ಮೂಗು ಒರೆಸ್ಕೊ, ಆಮೇಲೆ ನನ್ನ ಮೂಗಿನ ಸುದ್ದಿಗೆ ಬಾ."

"ಹೇಳಿ ತಾತ. ಒಂದು ಮಾತು. ಏನು ಬೇಯ್ತಿದೆ?"

ಗಾರ್ನೆಟ್ ಮೇಜು ಗುದ್ದಿದ. ಮಜ್ಜಿಗೆ ಚೆಲ್ಲಿತು. "ಸಾಕು! ಊಟ ಮಾಡೋ ಜಾಗ ಇದು."

ಮುದುಕ ಎದ್ದು ತನ್ನ ಕೋಣೆಗೆ ಹೋದ. ಬಾಗಿಲು ಹಾಕಿಕೊಂಡ ಸದ್ದು ಕೇಳಿದ ಮೇಲೆ ಗಾರ್ನೆಟ್ ದನಿ ತಗ್ಗಿಸಿದ.

"ಗಾಲ್ಟ್ ಈಸ್ಟರ್ ಕಳೆದ ಮೇಲೆ ಬರ್ತಾನೆ. ಷಿಕಾಗೋ ಕಂಪನಿ. ಅವನು ಕೊಂಡ್ಕೊಳ್ತಿರೋದು ಈ ಹಳೇ ತಗಡಿನ ಷೆಡ್ಡು ಅಂದ್ಕೊಂಡಿದೀಯಾ? ನಿಮ್ಮ ತಾತನ ಮೂಗನ್ನ. ಮೂರು ವರ್ಷ ತಾತನೇ ಪೀಪಾಯಿ ಆರಿಸ್ಬೇಕು ಅಂತ ಕರಾರು."

"ಅದಕ್ಕೂ ತೊಟ್ಟಿಗೂ ಏನು ಸಂಬಂಧ?"

"ಇಷ್ಟು ವರ್ಷ ಇಳಿಸದೆ ಇರೋ ಲಾಟೀನು ನಾಳೆ ಬೆಳಗ್ಗೆ ಇಳಿಸಿದ್ರೆ ಸಂಜೆಗೆ ಚರ್ಚ್ ಮೆಟ್ಟಿಲ ಮೇಲೆ ಅದೇ ಮಾತು. ಗಾಲ್ಟ್ ಕಿವಿಗೆ ಬೀಳೋಕೆ ಎಷ್ಟು ಹೊತ್ತು? ವಿಯೆಟ್ನಾಮಿಂದ ಬಂದ ಹುಡುಗರು ಎಲ್ಲಾ ವೋಡ್ಕಾ ಕೇಳ್ತಿದಾರೆ. ನಮ್ಮ ಮಾಲು ಮುಟ್ಟೋರಿಲ್ಲ. ಗಾಲ್ಟ್ ಕೈಬಿಟ್ಟರೆ ಬಾಗಿಲು ಹಾಕೋದೇ. ಹದಿನೈದು ಮನೆ ಒಲೆ ಆರುತ್ತೆ. ನಿನ್ನ ಹೆಂಡ್ತಿ ಅಪ್ಪನ ಮನೇದೂ ಸೇರಿಸಿ."

"ಒಲೆ ಉಳಿಸೋಕೆ ಆಳನ್ನ ಕೊಲ್ತೀರಾ?"

"ಯಾರು ಸಾಯ್ತಾರೋ? ನೀನಿದೀಯಲ್ಲ. ಯಾರೂ ಏಳೋ ಮೊದಲು ಹೋಗು, ಮೇಣದ ಬತ್ತಿ ಇಳಿಸಿ ನೋಡ್ಕೊ. ಆರಿದ್ರೆ ನೀರು ಬಿಟ್ಟು ಗಾಳಿ ಹೊರಗೆ ಹಾಕು. ಆಮೇಲೆ ನಿಮ್ಮ ತಾತ ಬಂದು ಏನಾದ್ರೂ ಹೇಳ್ಕೊಳ್ಲಿ. ಗಾಲ್ಟ್ ಸಹಿ ಹಾಕೋವರೆಗೆ ತಾನೆ?"

ಓಪಲ್ ಸೊಪ್ಪಿನ ಪಾತ್ರೆ ತಂದು ಮೇಜಿನ ಮೇಲಿಟ್ಟಳು. ಕೊರೀನಳ ಹೆಗಲು ಮುಟ್ಟಿದಳು. "ನಿಮ್ಮಪ್ಪನಿಗೆ ಹೇಳ್ಬೇಡ ಕಣಮ್ಮ. ಅವನ ಬಾಯಲ್ಲಿ ಮಾತು ನಿಲ್ಲಲ್ಲ. ಸ್ವಲ್ಪ ದಿನ."

ಕೊರೀನ್ ಗಂಡನ ಕಡೆ ನೋಡಿದಳು. ಡಾರ್ಸಿ, "ನಾನು ನೋಡ್ಕೋತೀನಿ," ಎಂದ. ಸೊಪ್ಪು ಬಡಿಸಿಕೊಂಡ.

ಹೋಬರ್ಟ್ ಟಿಂಗಲ್ ಮಗಳನ್ನು ಹ್ಯಾಸ್ಕೆಟ್ ಮನೆಗೆ ಕೊಟ್ಟು ಎರಡು ವರ್ಷವಾಗಿತ್ತು. ಗಾರ್ನೆಟ್ ಹ್ಯಾಸ್ಕೆಟ್‌ಗೆ ಬೀಗನಾಗಿದ್ದ. ಆದರೂ ಒಂದು ಸಲವೂ ಮುಂಬಾಗಿಲಿಂದ ಬಂದವನಲ್ಲ. ಮಧ್ಯಾಹ್ನ ಹಿತ್ತಲ ಮೆಟ್ಟಿಲ ಮೇಲೆ ಕೂತು ಹಸಿ ಈರುಳ್ಳಿ ಇಟ್ಟ ಬ್ರೆಡ್ ತಿನ್ನುತ್ತಿದ್ದ. ಹೆಂಡತಿ ಸತ್ತ ಮೇಲೆ ಅವನಿಗೆ ಅಡುಗೆ ಎಂದರೆ ಅದೇ.

"ಒಳಗೆ ಬಾರಪ್ಪ, ಕುರ್ಚಿ ಇದೆ," ಎಂದಳು ಕೊರೀನ್ ಒಂದು ದಿನ.

"ಈ ಪ್ಯಾಂಟಲ್ಲಾ? ನಿಮ್ಮತ್ತೆ ಕುರ್ಚಿ ಸುಟ್ಟು ಹಾಕ್ತಾಳೆ. ಬೀಗ ಆದ್ರೇನು, ನನಗೆ ಹಿತ್ತಲೇ ಸರಿ. ಹೇಗಿದಾನೆ ನನ್ನ ಮೊಮ್ಮಗ?"

"ಒದೀತಾನೆ."

"ಟಿಂಗಲ್ ಕಾಲು ಅದು. ಮೂಗು ಯಾರದ್ದು ಬರುತ್ತೋ ನೋಡು. ಹ್ಯಾಸ್ಕೆಟ್ ಮೂಗು ಬಂದ್ರೆ ಮೇಲೆ ನಿಂತ್ಕೊಂಡು 'ಇಳಿ' ಅಂತಾನೆ. ನನ್ನ ಮೂಗು ಬಂದ್ರೆ ಇಳೀತಾನೆ." ತನ್ನ ಮಾತಿಗೆ ತಾನೇ ನಕ್ಕ.

ಕೊರೀನ್ ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಲೇ ಇದ್ದಳು. "ಅಪ್ಪ, ಇಳಿಯೋ ಮುಂಚೆ ಒಂದ್ಸಲ ಲಾಟೀನು ಇಳಿಸಿ ನೋಡ್ಬಾರ್ದಾ?"

"ಯಜಮಾನ್ರ ಎದುರಿಗಾ?" ಹೋಬರ್ಟ್ ತಿನ್ನುವುದನ್ನು ನಿಲ್ಲಿಸಿದ. "ಅವರು ಮೂಸಿ ಇಳಿ ಅಂದ ಮೇಲೆ ನಾನು ಲಾಟೀನು ಹಚ್ಚಿದ್ರೆ ಅವರ ಮುಖಕ್ಕೆ ಉಗಿದ ಹಾಗೆ ಕಣಮ್ಮ. ಯಾಕೆ ಕೇಳ್ದೆ?"

ಅಡುಗೆಮನೆಯಲ್ಲಿ ಓಪಲ್ ಪಾತ್ರೆಯ ಮುಚ್ಚಳ ಸದ್ದು ಮಾಡಿದಳು.

"ಸುಮ್ಮನೆ ಕೇಳ್ದೆ," ಎಂದಳು ಕೊರೀನ್.

ಡಾರ್ಸಿ ಮಾತಿಗೆ ತಪ್ಪಲಿಲ್ಲ. ತೊಟ್ಟಿ ತೊಳೆಯುವ ದಿನ ನಸುಕಿಗೇ ಎದ್ದು ಹೋಗುತ್ತಿದ್ದ. ತಗಡಿನ ಡಬ್ಬಿಯಲ್ಲಿ ಮೇಣದ ಬತ್ತಿ ನಿಲ್ಲಿಸಿ ಹುರಿಯಲ್ಲಿ ಇಳಿಸುತ್ತಿದ್ದ. ಆರಿದರೆ ತಳದ ತೂಬು ತೆಗೆದು, ಮೇಲಿಂದ ನೀರು ಹೊಡೆದು, ಬತ್ತಿ ಉರಿಯುವ ತನಕ ಬಿಡುತ್ತಿರಲಿಲ್ಲ. ಆಮೇಲೆ ಮುದುಕ ಬರುತ್ತಿದ್ದ, ಇಸ್ತ್ರಿ ಮಾಡಿದ ಅಂಗಿ, ಹ್ಯಾಟು. ಅಂಚಿಗೆ ಎದೆಯಾನಿಸಿ ಉಸಿರೆಳೆಯುತ್ತಿದ್ದ. "ಏನಿಲ್ಲ. ಇಳಿ." ಹೋಬರ್ಟ್ ಪೊರಕೆ, ಸುಣ್ಣದ ಬಕೆಟ್ಟು ಹಿಡಿದು ಏಣಿ ಇಳಿಯುತ್ತಿದ್ದ. ಒಳಗಿಂದ ಹಾಡು ಕೇಳುತ್ತಿತ್ತು. ಹಾಡು ಕೇಳುವಷ್ಟು ಹೊತ್ತು ಡಾರ್ಸಿ ಅಲ್ಲೇ ಏನಾದರೂ ಕೆಲಸ ಮಾಡುವವನ ಹಾಗೆ ಸುಳಿದಾಡುತ್ತಿದ್ದ.

ಒಂದು ಬೆಳಗ್ಗೆ ಹೊರಡುವಾಗ ಮುದುಕ ಮೊಮ್ಮಗನನ್ನು ಹಿಡಿದು ನಿಲ್ಲಿಸಿದ. "ಮೇಣದ ವಾಸನೆ ಬರ್ತಿದೆ ಇಲ್ಲಿ," ಎಂದ.

ಡಾರ್ಸಿಗೆ ಒಂದು ಕ್ಷಣ ಆಸೆಯಾಯಿತು. "ವಾಸನೆ ಬರ್ತಿದೆಯಾ ತಾತ?"

ಮುದುಕ ನೆಲದ ಮೇಲೆ ಬಿದ್ದಿದ್ದ ಮೇಣದ ತೊಟ್ಟನ್ನು ಬೂಟಿನಿಂದ ಕೆರೆದ. ವಾಸನೆಯಲ್ಲ, ಕಣ್ಣಿಗೆ ಬಿದ್ದದ್ದು. "ಇನ್ನೊಂದ್ಸಲ ನನ್ನ ಬೆನ್ನ ಹಿಂದೆ ಬತ್ತಿ ಹಚ್ಚಿದ್ರೆ ಕೈ ಮುರೀತೀನಿ," ಎಂದು ಹೋದ.

ಅಂದರೆ ಅವನಿಗೂ ಗೊತ್ತಿತ್ತು. ತನ್ನ ಮೂಗು ಸತ್ತದ್ದೂ ಗೊತ್ತು, ಮೊಮ್ಮಗ ಅದಕ್ಕೆ ಕಾವಲು ನಿಂತದ್ದೂ ಗೊತ್ತು. ಆದರೂ ಬಂದು ಬಗ್ಗುತ್ತಿದ್ದ, ಆದರೂ "ಇಳಿ" ಎನ್ನುತ್ತಿದ್ದ. ದೊಡ್ಡ ಮನುಷ್ಯರು ಇಂಥದ್ದಕ್ಕೆ ಮರ್ಯಾದೆ ಎಂದು ಹೆಸರಿಟ್ಟಿದ್ದಾರೆ.

ಗಾಲ್ಟ್ ಬರುವ ವಾರ ಗಾರ್ನೆಟ್ ಮನೆಗೆಲ್ಲ ಸುಣ್ಣ ಬಳಿಸಿದ. ಉಗ್ರಾಣದಿಂದ ಹೊರಬರುವ ಹಬೆಗೆ ಗೋಡೆಗೆ, ಮರಕ್ಕೆ, ಚರ್ಚಿನ ಶಿಲುಬೆಗೂ ಕಪ್ಪು ಬೂಸ್ಟು ಹಿಡಿಯುತ್ತದೆ, ಉಜ್ಜಿದರೂ ಮತ್ತೆ ಬರುತ್ತದೆ. ಬುಧವಾರ ಅವನು ಡಾರ್ಸಿಗೆ ಲೂಯಿವಿಲ್‌ಗೆ ಹೋಗಿ ಸೀಸೆಗೆ ಅಂಟಿಸುವ ಹೊಸ ಚೀಟಿಗಳ ಕಟ್ಟು ತರಲು ಹೇಳಿದ.

"ಇವತ್ತು ನಾಲ್ಕನೇ ತೊಟ್ಟಿ ತೊಳೆಯೋದಿದೆ."

"ನಾನಿರ್ತೀನಲ್ಲ."

"ಬತ್ತಿ ಇಳಿಸಿ ನೋಡ್ತೀರಾ?"

"ನೋಡ್ತೀನಿ ಅಂದ್ನಲ್ಲಪ್ಪ. ಹೊರಡು, ಪ್ರೆಸ್ಸು ಮಧ್ಯಾಹ್ನಕ್ಕೆ ಮುಚ್ಚುತ್ತೆ."

ಡಾರ್ಸಿ ಟ್ರಕ್ಕು ಹತ್ತಿದ. ಅವನು ತಿರುವು ದಾಟುವ ಮೊದಲೇ ಮನೆಯ ಫೋನು ಬಡಿಯಿತು. ಷಿಕಾಗೋದಿಂದ ಗಾಲ್ಟ್. ಭಾನುವಾರದ ಊಟಕ್ಕೆ ಏನು ಮಾಡಿಸಲಿ, ಕೋಳಿಯೋ ಹ್ಯಾಮೋ ಎಂದು ಗಾರ್ನೆಟ್ ನಗುನಗುತ್ತ ಕೇಳುತ್ತಿದ್ದುದನ್ನು ಕೊರೀನ್ ಕೇಳಿಸಿಕೊಂಡಳು. ಹಿಟ್ಟು ಕಲಸಿ ಮುಗಿಸಿದಳು, ಅವನು ಇನ್ನೂ ಮಾತಾಡುತ್ತಿದ್ದ. ಅವಳಿಗೆ ಏನೋ ಹೊಳೆದು, ಹಿಟ್ಟಿನ ಕೈಯಲ್ಲೇ ಹೊರಗೆ ಬಂದು, "ಮಾವ, ತೊಟ್ಟಿ..." ಎಂದಳು. ಗಾರ್ನೆಟ್ ಫೋನಿನ ಬಾಯಿಗೆ ಅಂಗೈ ಮುಚ್ಚಿ, "ಆಯ್ತು ಹೋಗಮ್ಮ, ಬಂದೆ," ಎಂದ.

ಅವಳು ಕಾಯಲಿಲ್ಲ. ಹಳ್ಳದ ಸೇತುವೆಯ ಮೇಲೆ ಅವಳು ಓಡುತ್ತಿರುವಾಗ ಭಟ್ಟಿಯ ಗಂಟೆ ಹೊಡೆದುಕೊಳ್ಳತೊಡಗಿತು.

ಅವಳು ಒಳಗೆ ಬಂದಾಗ ಗಂಡಸರು ಹಗ್ಗ, ಕೊಕ್ಕೆ ಹಿಡಿದು ಕೂಗಾಡುತ್ತಿದ್ದರು. ಒಬ್ಬ ಇಳಿಯಲು ಹೋಗಿ ತಲೆ ತಿರುಗಿ ಏಣಿಯಲ್ಲೇ ತೂಗಿದ್ದ, ಅವನನ್ನು ಎಳೆದು ಹಾಕಿದ್ದರು. ಆಂಬ್ರೋಸ್ ಹ್ಯಾಸ್ಕೆಟ್ ಅಂಚಿಗೆ ಎರಡೂ ಕೈ ಊರಿ ಕೆಳಗೆ ನೋಡುತ್ತ ನಿಂತಿದ್ದ.

"ಏಳೋ ಹೋಬರ್ಟ್. ಆಟ ಸಾಕು. ಏಳೋ," ಎನ್ನುತ್ತಿದ್ದ.

ಹೋಬರ್ಟ್ ಪೊರಕೆಯ ಮೇಲೆ ಮಗ್ಗುಲಾಗಿ ಮಲಗಿದ್ದ. ಬಕೆಟ್ಟು ಉರುಳಿ ಸುಣ್ಣ ಅವನ ಕೂದಲಿಗೆ ಹತ್ತಿತ್ತು. ಮೇಲೆ ತಂದು ಹಲಗೆಯ ಮೇಲೆ ಮಲಗಿಸಿದಾಗ ಕೊರೀನ್ ತನ್ನ ಹಿಟ್ಟಿನ ಕೈಯಿಂದಲೇ ಆ ಸುಣ್ಣ ಒರೆಸಿದಳು. ಎರಡೂ ಬಿಳಿ, ಯಾವುದು ಹೋಯಿತು ಯಾವುದು ಉಳಿಯಿತು ತಿಳಿಯಲಿಲ್ಲ. ಬಾಗಿಲ ಪಕ್ಕದ ಮೊಳೆಯಲ್ಲಿ ಲಾಟೀನು ತೂಗುತ್ತಲೇ ಇತ್ತು.

ಷರೀಫ್ ಬಂದಾಗ ಮಾತಾಡಿದವನು ಗಾರ್ನೆಟ್. ಹೋಬರ್ಟ್ ಯಾರನ್ನೂ ಕೇಳದೆ ಇಳಿದ. ಅಪ್ಪ ಮೂಸಿ ನೋಡುವ ಮೊದಲೇ ಇಳಿದ. ಬೆಳಗ್ಗೆಯೇ ಸ್ವಲ್ಪ ಹಾಕಿದ್ದನೋ ಏನೋ, ಅಂಗಿ ವಾಸನೆ ಬರುತ್ತಿತ್ತು. ಷರೀಫ್ ಅಂಗಿ ಮೂಸಿ ಹೌದು ಎಂದ, ಬರೆದುಕೊಂಡ. ಹುಟ್ಟಿದಾಗಿನಿಂದ ಭಟ್ಟಿಯಲ್ಲಿ ದುಡಿದವನ ಅಂಗಿ ಇನ್ನೇನು ಗುಲಾಬಿ ವಾಸನೆ ಬರಬೇಕಿತ್ತೇ? ಹಗ್ಗ ಹಿಡಿದಿದ್ದ ಗಂಡಸರು ಅಲ್ಲೇ ನಿಂತಿದ್ದರು. ಎಲ್ಲರಿಗೂ ಮನೆಯಲ್ಲಿ ಒಲೆ ಇತ್ತು. ಒಬ್ಬನೂ ಬಾಯಿ ಬಿಡಲಿಲ್ಲ.

ಡಾರ್ಸಿ ಸಂಜೆಗೆ ಬಂದ. ಚೀಟಿಯ ಕಟ್ಟನ್ನು ಅಡುಗೆಮನೆಯ ನೆಲಕ್ಕೆ ಎಸೆದ. ಐದು ತಲೆಮಾರು, ಒಂದೇ ಮೂಗು, ನೂರಾರು ಸಲ, ನೆಲದ ತುಂಬ ಹರಡಿತು.

"ಬತ್ತಿ ಇಳಿಸಿದ್ರಾ?"

ಗಾರ್ನೆಟ್ ಕಾಫಿ ಕುಡಿಯುತ್ತಿದ್ದ. "ಫೋನು ಬಂತು."

"ಬತ್ತಿ ಇಳಿಸಿದ್ರಾ ಅಂತ ಕೇಳ್ದೆ."

"ಫೋನು ಬಂತು ಅಂದ್ನಲ್ಲ! ಒಂದು ಹತ್ತು ನಿಮಿಷ ಕಾಯ್ಬೋದಿತ್ತು ಅವನು."

"ಅವನ್ಯಾಕೆ ಕಾಯ್ಬೇಕು? ತಾತ ಇಳಿ ಅಂದ್ರಂತೆ."

"ಯಾರು ಹೇಳಿದ್ದು?"

"ಎಲ್ಲರೂ. ನಿಮ್ಮನ್ನ ಬಿಟ್ಟು ಎಲ್ಲರಿಗೂ ಹೇಳ್ತಿದಾರೆ."

ಡಾರ್ಸಿ ಅಪ್ಪನ ಅಂಗಿ ಹಿಡಿದು ಎಬ್ಬಿಸಿದ. ಕುರ್ಚಿ ಉರುಳಿತು. ಓಪಲ್ ನಡುವೆ ಬಂದು ಮಗನ ಕೈಯನ್ನು ಹಲ್ಲಿನಿಂದ ಕಚ್ಚಿದಳು, ಬಿಡಿಸಲು ಬೇರೆ ದಾರಿ ಕಾಣದೆ. ಆಮೇಲೆ ಮೂವರೂ ಏದುಸಿರು ಬಿಡುತ್ತ ನಿಂತರು.

"ಹೊಡಿ," ಎಂದ ಗಾರ್ನೆಟ್. "ಹೊಡಿ. ಆಮೇಲೆ ಹೋಗಿ ಷರೀಫ್‌ಗೆ ಹೇಳು. ನಿಮ್ಮ ತಾತನ್ನ ಜೈಲಿಗೆ ಹಾಕ್ಸು. ಭಟ್ಟಿ ಮುಚ್ಸು. ಹೋಬರ್ಟ್ ಎದ್ದು ಬರ್ತಾನಾ? ನಿನಗೆ ಹುಟ್ಟೋ ಮಗು ಏನು ತಿನ್ನುತ್ತೆ? ನೀನು ಓದಿದೀಯಾ, ಬೇರೆ ಕಡೆ ಕೆಲಸ ಕೊಡ್ತಾರಾ? ಮುಂದೆ ಈ ಮನೆ, ಕಂಪನಿ ದುಡ್ಡು, ಎಲ್ಲಾ ಆ ಮಗುವಿಗೇ ತಾನೆ ಬರೋದು? ಹೋಬರ್ಟ್ ಮೊಮ್ಮಗನಿಗೇ."

ಡಾರ್ಸಿ ಕಚ್ಚಿದ ಕೈ ಹಿಡಿದುಕೊಂಡು ಕೂತ. ಆಮೇಲೆ ನೆಲದ ಮೇಲಿನ ಚೀಟಿಗಳನ್ನು ಒಂದೊಂದಾಗಿ ಎತ್ತಿ ಜೋಡಿಸತೊಡಗಿದ. ಬಾಗಿಲಲ್ಲಿ ನಿಂತಿದ್ದ ಕೊರೀನ್ ಅದನ್ನು ನೋಡಿದಳು. ಗಂಡ ಕೈ ತಪ್ಪಿದ್ದು ಅವಳಿಗೆ ಗೊತ್ತಾದದ್ದು ಆಗ.

ಶನಿವಾರ ಮಣ್ಣು ಮಾಡಿದರು. ಪೆಟ್ಟಿಗೆಯ ಖರ್ಚು ಗಾರ್ನೆಟ್‌ನದು, ಹಿತ್ತಾಳೆಯ ಹಿಡಿ ಹಾಕಿಸಿದ್ದ. ಊರ ಹೆಂಗಸರು ಹ್ಯಾಮ್, ಆಲೂಗಡ್ಡೆ, ಬೆಲ್ಲದ ಪಾಕದ ಕೇಕು ತಂದರು. ಹೋಬರ್ಟನ ಮನೆಯಲ್ಲಿ ಅಷ್ಟು ಊಟ ಒಟ್ಟಿಗೆ ಬಿದ್ದದ್ದು ಅವತ್ತೇ. ಮುದುಕ ಬಂದು ಸಮಾಧಿಯ ಅಂಚಿನಲ್ಲಿ ಹ್ಯಾಟು ತೆಗೆದು ನಿಂತ.

"ಚೆನ್ನಾಗಿ ಮೂಸಿದ್ದೆ," ಎಂದು ಕೊರೀನಳಿಗೆ ಹೇಳಿದ. "ಏನೂ ಇರ್ಲಿಲ್ಲ ಕಣಮ್ಮ."

ವಾಪಸು ಬರುವಾಗ ಅವಳು ಭಟ್ಟಿಯ ಕಡೆಯಿಂದ ಬಂದಳು.

ಭಾನುವಾರ ಗಾಲ್ಟ್ ಬಂದ. ಬೂದು ಸೂಟು, ಮೆತ್ತಗಿನ ಮಾತು. ಕೆಲಸದವನು ಸತ್ತದ್ದಕ್ಕೆ ಸಂತಾಪ ಹೇಳಿದ. ಮುಂದೂಡಬಹುದಿತ್ತಲ್ಲ ಎಂದ. "ಹೋಬರ್ಟಿಗೂ ಇದೇ ಇಷ್ಟ ಇತ್ತು. ಭಟ್ಟಿ ನಡೀಬೇಕು ಅನ್ನೋನು," ಎಂದ ಗಾರ್ನೆಟ್. ಕೊರೀನ್ ಕೋಳಿ ಬಡಿಸಿದಳು. ಅವಳು ಕೋಣೆಯಲ್ಲೇ ಇರಲಿ ಎಂದಿದ್ದರು. ಇಲ್ಲ, ನಾನೇ ಬಡಿಸುತ್ತೇನೆ ಎಂದಿದ್ದಳು.

ಊಟದ ಉದ್ದಕ್ಕೂ ಆಂಬ್ರೋಸ್ ಚರಿತ್ರೆ ಹೇಳಿದ. ಮೂಲಪುರುಷ ಸೈಲಸ್ ಹ್ಯಾಸ್ಕೆಟ್ ಬೆಟ್ಟ ದಾಟಿ ಒಂದು ತಾಮ್ರದ ಹಂಡೆ ಹೇಸರಗತ್ತೆಯ ಮೇಲೆ ಹೇರಿಕೊಂಡು ಬಂದದ್ದು. ಮೊದಲು ಮಾಡಿದ್ದು ರೈ ಹಾಕಿದ ಖಾರದ್ದು, ನಾಲಿಗೆಗೆ ಮೆಣಸಿನ ಹಾಗೆ ತಾಗುವಂಥದ್ದು. ರೈ ಬೆಳೆ ಕೈಕೊಟ್ಟ ವರ್ಷ ಅಜ್ಜಿ ಜೆರೆಲ್ಡಾ ಗೋಧಿ ಹಾಕಿಸಿದಳು, ಮೆದುವಾದದ್ದು ಹುಟ್ಟಿತು. ಆಮೇಲೆ ನೀರು ಕಡಿಮೆ ಬೆರೆಸಿ ಸರ್ಕಾರದ ಮೊಹರು ಹಾಕಿಸುವ ಗಟ್ಟಿಯದ್ದು. ಮೂರಕ್ಕೂ ಒಂದೇ ಹೆಪ್ಪು, ಸೈಲಸ್‌ನ ಕಾಲದ್ದು, ಒಂದು ದಿನವೂ ಸಾಯದ್ದು.

ಪಾನನಿಷೇಧದ ಹದಿಮೂರು ವರ್ಷ ಆ ಹೆಪ್ಪು ಎಲ್ಲಿತ್ತು ಎಂದು ಗಾಲ್ಟ್ ಕೇಳಿದ.

"ನಮ್ಮ ಮನೇಲಿ," ಎಂದ ಮುದುಕ.

"ನಮ್ಮ ಬಾವೀಲಿ," ಎಂದಳು ಕೊರೀನ್, ತಟ್ಟೆ ತೆಗೆಯುತ್ತ. "ನನ್ನ ಅಜ್ಜಿ ಜಾಡೀಲಿ ಹಾಕಿ ಇಳಿಬಿಟ್ಟಿದ್ಲು. ದಿನಾ ಹಿಟ್ಟು ಹಾಕಿ ಸಾಕಿದ್ದು ಅವಳು. ಹ್ಯಾಸ್ಕೆಟ್ ಮನೆಯವರು ಆಗ ಲೂಯಿವಿಲ್‌ನಲ್ಲಿ ಜೋಡು ಮಾರ್ತಿದ್ರು."

ಗಾಲ್ಟ್ ನಕ್ಕ, ಯಾರೂ ನಗದ್ದನ್ನು ಕಂಡು ಬಾಯಿ ಒರೆಸಿಕೊಂಡ. "ಇನ್ನು ಆ ಮೂರು ಲೋಟದ ಆಟ," ಎಂದ. "ಅದರ ಸುದ್ದಿ ಕೇಳೇ ನಮ್ಮ ಕಂಪನಿಯವರು ಮನಸ್ಸು ಮಾಡಿದ್ದು."

ಗಾರ್ನೆಟ್ ಎದ್ದ. ಕೊರೀನ್ ಆಗಲೇ ಒಳಗಿಂದ ತಟ್ಟೆ ತರುತ್ತಿದ್ದಳು. "ಕೂತ್ಕೊಳಿ ಮಾವ. ನೀವು ಹೇಳಿದ ಹಾಗೇ ಜೋಡಿಸಿದೀನಿ."

ಅವಳಿಗಿಂತ ಮೊದಲು ವಾಸನೆ ಬಂತು. ಗಾಲ್ಟ್ ಒಲೆಯ ಕಡೆ ನೋಡಿದ. ಓಪಲ್ ದೀಪದ ಕಡೆ ನೋಡಿದಳು. ಡಾರ್ಸಿ ಹೆಂಡತಿಯ ಕಡೆ ನೋಡಿ, ಏಳಲು ಹೋಗಿ, ಏಳಲಿಲ್ಲ. ಅವಳು ಮೂರು ಲೋಟಗಳನ್ನು ಮುದುಕನ ಮುಂದಿಟ್ಟಳು. ಮೂರೂ ಹಳದಿ. ಬಲಗಡೆಯದು ಒಂದಿಷ್ಟು ಹೆಚ್ಚು ಹಳದಿ.

ಆಂಬ್ರೋಸ್ ಎಡಗಡೆಯದನ್ನು ಎತ್ತಿ, ಕಣ್ಣು ಮುಚ್ಚಿದ. "ನಾಲ್ಕು ವರ್ಷ. ಕೆಳಗಿನ ಅಂತಸ್ತು. ರೈ." ನಡುವಿನದು. "ಆರು. ಮೂರನೇ ಅಂತಸ್ತು. ಅದೂ ರೈ." ಮೂರನೆಯದನ್ನು ಎತ್ತಿದ. ಮೇಜಿನ ಸುತ್ತ ಕೂತವರ ಕಣ್ಣು ಉರಿಯುತ್ತಿತ್ತು. ಅವನು ಲೋಟದೊಳಗೆ ಮೂಗಿಟ್ಟು ಉದ್ದಕ್ಕೆ ಎಳೆದ, ಸೀಸೆಯ ಮೇಲಿನ ಚಿತ್ರದ ಹಾಗೆ.

"ಎಂಟು ವರ್ಷ," ಎಂದ. "ಐದನೇ ಅಂತಸ್ತು. ಬಿಸಿಲ ಕಡೆ. ಗೋಧೀದು. ಜೆರೆಲ್ಡಾ ಅಜ್ಜಿ ಇದ್ದಿದ್ರೆ ಕಣ್ಣೀರು ಹಾಕ್ತಿದ್ಲು. ಇದನ್ನ ಕುಡೀದೆ ಬಿಡಬಾರ್ದು, ಮಿಸ್ಟರ್ ಗಾಲ್ಟ್."

ತುಟಿಗೆ ತಂದ. ಕೊರೀನ್ ಅವನ ಮಣಿಕಟ್ಟು ಹಿಡಿದಳು.

"ಬೇಡಿ ತಾತ."

"ಯಾಕಮ್ಮ?"

"ಅದು ಲಾಟೀನಿನ ಎಣ್ಣೆ. ತೊಟ್ಟಿ ಬಾಗಿಲಲ್ಲಿ ತೂಗುತ್ತಲ್ಲ, ಅದರದ್ದು."

ಗಾಲ್ಟ್ ಕರವಸ್ತ್ರವನ್ನು ಮಡಿಸಿ ಜೇಬಿಗಿಟ್ಟ. ಕೋಳಿ ಬಹಳ ಚೆನ್ನಾಗಿತ್ತು ಎಂದು ಓಪಲ್‌ಗೆ ಹೇಳಿದ. ಹ್ಯಾಟು ತಾನೇ ತೆಗೆದುಕೊಂಡ. ಗಾರ್ನೆಟ್ ಅವನ ಹಿಂದೆ ಅಂಗಳದ ತನಕ ಓಡಿದ. ಕಾರಿನ ಬಾಗಿಲ ಸದ್ದು, ಜಲ್ಲಿಯ ಸದ್ದು, ಆಮೇಲೆ ಏನೂ ಇಲ್ಲ. ಗಾರ್ನೆಟ್ ವಾಪಸು ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತ.

"ಹದಿನೈದು ಮನೆ ಒಲೆ ಆರಿಸ್ದೆ ಕಣೆ ನೀನು. ಹದಿನೈದು."

"ಹದಿನಾಲ್ಕು, ಮಾವ," ಎಂದಳು ಕೊರೀನ್. "ಒಂದು ಬುಧವಾರವೇ ಆರಿತು."

ಅವಳು ಎಂಜಲ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಅಡುಗೆಮನೆಗೆ ಹೋದಳು. ಓಪಲ್ ಕಿಟಕಿ ತೆರೆದಳು. ಡಾರ್ಸಿ ಮೇಜಿನ ಬಟ್ಟೆಯನ್ನೇ ನೋಡುತ್ತಿದ್ದ.

ಮುದುಕ ಲೋಟ ಕೆಳಗಿಟ್ಟಿರಲಿಲ್ಲ. ಮತ್ತೆ ಮೂಗಿನ ಹತ್ತಿರ ತಂದ. ಮೇಜಿನ ಅಂಚಿಗೆ ಎದೆಯಾನಿಸಿ, ತಲೆ ಬಗ್ಗಿಸಿ, ತೊಟ್ಟಿಯ ಮೇಲೆ ಬಗ್ಗುತ್ತಿದ್ದ ಹಾಗೇ ಬಗ್ಗಿ, ಎಳೆಯುವಷ್ಟು ಉಸಿರೆಳೆದ. ಬಿಟ್ಟ. ಇನ್ನೊಮ್ಮೆ ಎಳೆದ.

"ಏನಿಲ್ಲ," ಎಂದ.